ಅಳತೆ ನೋಡದವರ ಮೇಲೆ ನಮ್ಮ ಮಾವನ ಸಿಟ್ಟು

ನಮ್ಮ ಸೋದರಮಾವನಿಗೆ ಸಿಟ್ಟು ಬಂದದ್ದನ್ನು ನಾನು ಈವರೆಗೆ ನೋಡಿಲ್ಲ. ನಂಬಿಕೆ ಬರುವುದಿಲ್ಲವೇ? ಒಮ್ಮೆಯಾದರೂ ಅದು ಹೋಗಿದ್ದರಲ್ಲವೇ, ತಿರುಗಿ ಬಂದದ್ದು ಕಾಣುವುದು! ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಶ್ಶಿನ ಮೇಲೆ, ಹತ್ತು ಗಂಟೆಗೆ ಪತ್ರಿಕೆಯ ಮೇಲೆ, ಮಧ್ಯಾಹ್ನ ಊಟಕ್ಕೆ ಕೂತಾಗ ಚಟ್ನಿಯ ಮೇಲೆ, ಅದೂ ಇದೂ ಮುಗಿದರೆ ಗೋಡೆಯ ಮೇಲಿನ ಕ್ಯಾಲೆಂಡರಿನ ಮೇಲೆ. ಮೂವತ್ತೊಂದು ದಿನದ ತಿಂಗಳು ಮೂವತ್ತಕ್ಕೇ ಮುಗಿದ ಹಾಗೆ ಅಚ್ಚಾಗಿದ್ದ ಕ್ಯಾಲೆಂಡರ್ ಒಂದನ್ನು ಅವರು ಮುದ್ರಿಸಿದವನ ಅಂಗಡಿಗೇ ಒಯ್ದು, ಗೋಡೆಯಿಂದ ಕಿತ್ತ ಮೊಳೆಯ ಸಮೇತ ಒಪ್ಪಿಸಿ ಬಂದವರು. ಮೊಳೆ ಯಾಕೆ ಎಂದು ಅವನು ಕೇಳಿದ್ದಕ್ಕೆ, "ಇದನ್ನ ನಂಬಿ ಬಡದಿದ್ನೆಪಾ, ಇದನ್ನೂ ನೀನs ಇಟಗೋ" ಎಂದರಂತೆ.

ಮಾವ ಇರುವುದು ರಾಣೇಬೆನ್ನೂರಿನಲ್ಲಿ. ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿ ನಿವೃತ್ತರಾದವರು. ಉದ್ದಕ್ಕೆ, ತೆಳ್ಳಗೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು, ಒಂದು ಚಾಕ್‌ಪೀಸು. ಇಷ್ಟೆಲ್ಲದರ ಮೇಲೆ ಸಿಟ್ಟಾಗುತ್ತಾರಲ್ಲ, ಇವೆಲ್ಲ ಬರೀ ಒಗ್ಗರಣೆ. ನಿಜವಾದ ಸಿಟ್ಟು ಒಂದೇ. ಕೇಳುವವರ ಮೇಲೆ! ಹೆಸರು ಕೇಳುತ್ತಾರೆ, ವಯಸ್ಸು ಕೇಳುತ್ತಾರೆ, ಎಷ್ಟು ಬೇಕು ಎಂದು ಕೇಳುತ್ತಾರೆ. ಆದರೆ ಕೊಟ್ಟದ್ದನ್ನು ನೋಡುವುದೇ ಇಲ್ಲ. ಕೊಟ್ಟದ್ದು ಸರಿಯೋ ತಪ್ಪೋ, ತಮ್ಮಲ್ಲಿರುವ ಜಾಗಕ್ಕೆ ಹಿಡಿಸುತ್ತದೋ ಇಲ್ಲವೋ ಎಂದು ತಿರುಗಿ ನೋಡದೆ ಒಳಗೆ ತುಂಬಿಕೊಳ್ಳುತ್ತಾರೆ. ಅಂಥವರನ್ನು ಕಂಡರೆ ನಮ್ಮ ಮಾವನ ಕಿವಿ ಕೆಂಪಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಂದು ನಾನು ಬೇಕೆಂದೇ ಹೇಳುವುದಿಲ್ಲ. ಅದು ಖಾರ ಕಡಿಮೆ, ಬಣ್ಣ ಹೆಚ್ಚು. ಇವರದು ಎರಡೂ ಹೆಚ್ಚು!

ಮನೆಯ ಬಾಗಿಲಿನಿಂದಲೇ ಶುರು. ಯಾರಾದರೂ ಬಾಗಿಲು ಬಡಿದರೆ ಒಳಗಿನಿಂದ ಪ್ರಶ್ನೆ, "ಯಾರು?"

ಪಾಪ, ಎಲ್ಲರೂ ಹೇಳುವಂತೆ ಅವರೂ ಹೇಳುತ್ತಾರೆ, "ನಾನ್ರೀ."

"ನಾನು ಅಂದ್ರ ಯಾರು? ನಾನೂ ನಾನs ಅದೇನಿ!"

ಹೆಸರು, ಊರು, ಬಂದ ಕೆಲಸ ಮೂರನ್ನೂ ಹೇಳದೆ ಚಿಲಕ ಸರಿಯುವುದಿಲ್ಲ. ಒಂದು ಭಾನುವಾರ ಅತ್ತೆ ಸಂತೆಯಿಂದ ಎರಡು ಕೈಯಲ್ಲೂ ಚೀಲ ಹಿಡಿದು, ಮಳೆಯಲ್ಲಿ ತೊಯ್ದು ಬಂದು ಬಾಗಿಲು ಬಡಿದರು. ಅವತ್ತು ನಾನು ಒಳಗೇ ಇದ್ದೆ. "ಯಾರು?" ಎಂದರು ಮಾವ. "ನಾನು" ಎಂದರು ಅತ್ತೆ. ಮೂವತ್ತು ವರ್ಷದ ಸಂಸಾರ! ಆದರೂ ಕಾಯಿದೆ ಕಾಯಿದೆಯೇ. "ಹೆಸರು?" ಅತ್ತೆ ಹಲ್ಲು ಕಚ್ಚಿ ಹೆಸರು ಹೇಳಿದರು. "ಯಾವ ಊರು?"

"ನಿಮ್ಮನ್ನ ಕಟಗೊಂಡು ಬಂದು ಸೇರಿದ ಊರು! ಬಾಗಲಾ ತಗೀತೀರೋ, ಕ್ಯಾಬೀಜ ತಲೀಮ್ಯಾಗ ಒಗೀಲೋ?"

ಮಾವ ಬಾಗಿಲು ತೆಗೆದು ಗಂಭೀರವಾಗಿ ಹೇಳಿದರು, "ಹಿಂಗ ಪೂರಾ ಮಾಹಿತಿ ಕೊಟ್ರ ಯಾರ್ ಬ್ಯಾಡ ಅಂತಾರ?"

ಪಾಲಿಟೆಕ್ನಿಕ್ಕಿನಲ್ಲಿ ಅವರ ಪರೀಕ್ಷೆ ಎಂದರೆ ವಿದ್ಯಾರ್ಥಿಗಳು ಹಿಂದಿನ ದಿನವೇ ಜ್ವರ ಬರಿಸಿಕೊಳ್ಳುತ್ತಿದ್ದರಂತೆ. ಒಬ್ಬಳು ವಿದ್ಯಾರ್ಥಿನಿ ಹೆಸರು, ವಯಸ್ಸು ಕೇಳಿ ಅಚ್ಚುಕಟ್ಟಾಗಿ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಬರೆದಿದ್ದಳು. ಮಾವ ಕುರ್ಚಿ ಎಳೆದುಕೊಂಡು ಕೂತರು. ಹೆಸರಿನ ಜಾಗದಲ್ಲಿ ತಮ್ಮ ಹೆಸರು ಒತ್ತಿದರು. ವಯಸ್ಸಿನ ಜಾಗದಲ್ಲಿ "ಬದನೆಕಾಯಿ" ಎಂದು ಒತ್ತಿದರು. ಪ್ರೋಗ್ರಾಂ ಒಂದಿಷ್ಟೂ ಅಳುಕದೆ ಉತ್ತರ ಕೊಟ್ಟಿತು: ನಿಮಗೆ ಮೂವತ್ತೆರಡು ಸಾವಿರದ ಏಳುನೂರಾ ಅರವತ್ತನಾಲ್ಕು ವರ್ಷ!

"ಸರ್, ವಯಸ್ಸು ಕೇಳಿದಾಗ ಯಾರ್ರೀ ಬದನೀಕಾಯಿ ಅಂತಾರ?" ಎಂದು ಹುಡುಗಿ ಅಳುಮುಖ ಮಾಡಿದಳು.

"ಯಾರೂ ಅನ್ನಂಗಿಲ್ಲವಾ. ಆದ್ರ ಅಂದ್ರ? ಈ ಮೂವತ್ತೆರಡು ಸಾವಿರ ಎಲ್ಲಿಂದ ಬಂತು, ಹೇಳು. ನಾ ಕೊಟ್ಟಿಲ್ಲ, ನೀ ಕೊಟ್ಟಿಲ್ಲ. ಆ ಜಾಗಾದಾಗ ಮೊದಲ ಯಾವ ಕಸಾ ಬಿದ್ದಿತ್ತೋ ಅದನ್ನ ಎತ್ತಿ ನನ್ನ ವಯಸ್ಸು ಅಂತ ತೋರಸೇತಿ. ನಾಳೆ ಇದನ್ನs ನೀ ದವಾಖಾನಿಯೊಳಗ ಕುಂದ್ರಸ್ತಿ!"

ಆ ಹುಡುಗಿ ಆ ವರ್ಷ ಪಾಸಾಗಲಿಲ್ಲ. ನಾವೆಲ್ಲ ಆ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದೆವು. ಎಷ್ಟೋ ದಿನ ಮಾವನ ಬೆನ್ನ ಹಿಂದೆ ಅವರನ್ನು ಬದನೆಕಾಯಿ ಮಾಸ್ತರು ಎಂದೇ ಕರೆಯುತ್ತಿದ್ದೆವು.

ಆದರೆ ಹಾವೇರಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆಗೆಂದು ಅಲ್ಲಿಯ ಒಂದು ಖಾಸಗಿ ಲ್ಯಾಬಿಗೆ ಮೂವರೂ ಹೋಗಿದ್ದೆವು. ಅಲ್ಲೊಂದು ಹೊಸ ಯಂತ್ರ ನಿಲ್ಲಿಸಿದ್ದರು. ಚೀಟಿಯ ನಂಬರು ಒತ್ತಬೇಕು, ಎಷ್ಟು ಪುಟ ಬೇಕು ಎಂದು ಒತ್ತಬೇಕು, ರಿಪೋರ್ಟು ಹೊರಗೆ ಬೀಳುತ್ತದೆ. ಮಾವನ ಮುಂದೆ ಹೊಸ ಯಂತ್ರ ನಿಲ್ಲಿಸುವುದೂ ಒಂದೇ, ಕುಸ್ತಿಗೆ ಕರೆಯುವುದೂ ಒಂದೇ! ಅವ್ವನ ರಿಪೋರ್ಟು ಒಂದೇ ಪುಟದ್ದು. ಮಾವ ನಲವತ್ತು ಎಂದು ಒತ್ತಿದರು.

ಯಂತ್ರ ಕೊಟ್ಟಿತು! ಮೊದಲನೆಯದು ಅವ್ವನದು. ಆಮೇಲೆ ಬಿದ್ದದ್ದು ಯಾರ್ಯಾರದೋ. ಅವ್ವನಿಗಿಂತ ಮುಂಚೆ ಬಂದವರ ಹೆಸರು, ಕಾಯಿಲೆ, ಫೋನ್ ನಂಬರು ಎಲ್ಲ ಸರಸರ ಹೊರಗೆ ಬಂದವು. ಮಾವ ಒಂದನ್ನೂ ಓದಲಿಲ್ಲ. ಎಲ್ಲವನ್ನೂ ಮುಖ ಕೆಳಗೆ ಮಾಡಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಲ್ಯಾಬಿನ ಮಾಲೀಕನ ಮೇಜಿನ ಮುಂದೆ ಹೋಗಿ ನಿಂತರು. ಅವನು ಕೇಳಿದ್ದೇನು ಗೊತ್ತೇ?

"ಒಂದು ಪಾನಿನ ರಿಪೋರ್ಟಿಗೆ ನೀವು ನಲವತ್ತು ಪಾನು ಕೇಳಿದ್ದು ತಪ್ಪಲ್ಲೇನ್ರೀ ಯಜಮಾನ್ರ?"

"ನಾ ನಾನೂರು ಕೇಳ್ತೇನಿ! ನಿನ್ನ ಕಡೆ ನಮ್ಮಕ್ಕಂದು ಇರೂದು ಒಂದು. ಒಂದು ಕೊಟ್ಟು ಮುಗೀತು ಅನ್ನಬೇಕಿಲ್ಲೋ? ಕೇಳಿದಷ್ಟು ಕೊಡಬೇಕಂತ ಬಾಜೂಕಿನವ್ರ ಮನೀ ಗುಟ್ಟು ತಂದು ನನ್ನ ಕೈಯಾಗ ಇಡ್ತೀಯಲ್ಲೋ!"

ಅವನು ನಕ್ಕ. ಆ ನಗು ನನಗೆ ಇವತ್ತಿಗೂ ನೆನಪಿದೆ, ಮುದುಕರಿಗೆ ಒಂದು ವಯಸ್ಸಿನಲ್ಲಿ ಹೀಗಾಗುತ್ತದೆ ಎನ್ನುವಂಥ ನಗು. ಮಾವ ಹೊರಗೆ ಬಂದು ಎದುರಿನ ಚಹಾ ಅಂಗಡಿಯ ಒಲೆಯಲ್ಲಿ ಮೂವತ್ತೊಂಬತ್ತು ಹಾಳೆಗಳನ್ನೂ ಒಂದೊಂದಾಗಿ ಸುಟ್ಟರು. ಚಹಾದವನು ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಒಂದು ಕುದಿ ಬಂತು ನೋಡ್ರಿ ಸರ್, ಇನ್ನೊಂದೀಟು ಹಾಳಿ ಅದಾವೇನ್ರೀ?" ಎಂದ. ಅವ್ವ ನಕ್ಕಳು, ನಾನೂ ನಕ್ಕೆ. ಮಾವ ಒಬ್ಬರೇ ನಗಲಿಲ್ಲ.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ಇಲ್ಲಿಂದ ಮುಂದೆ ನಗು ಕಡಿಮೆ, ಸಿಟ್ಟೇ ಹೆಚ್ಚು. ಅದು ಮಾವನದಷ್ಟೇ ಅಲ್ಲ, ನನ್ನದೂ.

ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಹೆಸರು ಹೇಳುವುದಿಲ್ಲ, ಕೇಳಬೇಡಿ. ಮೆಣಸಿನಕಾಯಿ ಚೀಲಗಳನ್ನು ತಂಪಿನ ಕೋಣೆಗಳಲ್ಲಿ ಅಟ್ಟದ ಮೇಲೆ ಅಟ್ಟ ಒಟ್ಟಿ ಇಡುತ್ತೇವೆ. ಹೊರಗೆ ಬೇಸಿಗೆಯಲ್ಲಿ ನೆಲ ಕಾದ ಹಂಚಿನಂತಿದ್ದರೆ, ಒಳಗೆ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಕೋಣೆಗೆ ಒಂದೇ ಬಾಗಿಲು, ಗೇಣು ದಪ್ಪದ್ದು. ಮೊದಲು ಆ ಬಾಗಿಲಿಗೆ ಒಳಗಡೆ ಒಂದು ಕಬ್ಬಿಣದ ಅಡ್ಡಪಟ್ಟಿ ಇತ್ತು. ಒಳಗಿದ್ದವರು ಅದನ್ನು ನೂಕಿದರೆ ಸಾಕು, ಬಾಗಿಲು ತೆರೆಯುತ್ತಿತ್ತು.

ನಮ್ಮ ಮಾಲೀಕರಿಗೆ ಅದು ಹಳೆಯ ಕಾಲದ್ದು ಎನಿಸಿತು. ಹೊಸದೊಂದು ಪೆಟ್ಟಿಗೆ ತರಿಸಿ ಬಾಗಿಲ ಪಕ್ಕದ ಗೋಡೆಗೆ ಹೊಡೆಸಿದರು. ಒಳಗೆ ಹೋಗುವವರ ಹೆಸರನ್ನು ಅದರಲ್ಲಿ ಒತ್ತಬೇಕು. ಒಳಗೆ ಎಷ್ಟು ಮಂದಿ ಇದ್ದಾರೆಂದು ಪೆಟ್ಟಿಗೆಯೇ ಲೆಕ್ಕ ಇಡುತ್ತದೆ. ಒಬ್ಬರಿದ್ದರೂ ಬಾಗಿಲಿಗೆ ಕೀಲಿ ಬೀಳುವುದಿಲ್ಲ. ಯಾರೂ ಇಲ್ಲ ಎಂದಾದರೆ ತಾನೇ ದೀಪ ಆರಿಸಿ ಕೀಲಿ ಹಾಕಿಕೊಳ್ಳುತ್ತದೆ. ಅಡ್ಡಪಟ್ಟಿ ತೆಗೆದು, ಒಳಗಿನಿಂದ ಬಾಗಿಲು ತೆರೆಯಲು ಅಲ್ಲೊಂದು ಹಸಿರು ಗುಂಡಿ ಇಟ್ಟರು. ಆ ಗುಂಡಿಯೂ ಪೆಟ್ಟಿಗೆಯನ್ನೇ ಕೇಳಬೇಕು.

ಪೂಜೆಯ ದಿನ ನಾನು ಮಾವನನ್ನು ಕರೆದೆ. ನೌಕರಿಯ ಜಾಗ ತೋರಿಸಬೇಕೆಂಬ ಹೆಮ್ಮೆ, ನೋಡಿ! ತೆಂಗಿನಕಾಯಿ ಒಡೆದು ಎಲ್ಲರೂ ಪೇಡೆ ತಿನ್ನುತ್ತಿರುವಾಗ ಮಾವ ಪೆಟ್ಟಿಗೆಯ ಮುಂದೆ ನಿಂತು, ಹೆಸರಿನ ಜಾಗದಲ್ಲಿ "ಅಅಅಅ" ಎಂದು ಬೆರಳು ಸೋಲುವ ತನಕ ಒತ್ತಿದರು. ಪರದೆ ಕಪ್ಪಾಯಿತು. ಒಂದು ಉಸಿರು ಬಿಟ್ಟು ಮತ್ತೆ ಹೊತ್ತಿಕೊಂಡಿತು.

ಪೆಟ್ಟಿಗೆ ತಂದ ಕಂಪನಿಯವನು ಇಸ್ತ್ರಿ ಅಂಗಿಯ ನಯವಾದ ಮನುಷ್ಯ. "ಅಷ್ಟು ಉದ್ದದ ಹೆಸರು ಯಾರಿಗೂ ಇರಲ್ಲ ಸಾರ್" ಎಂದ.

"ಉದ್ದದ್ದು ಬಂದ್ರ ನಿಲ್ಲಸಬೇಕಿಲ್ಲೋ? ಅಳತಿ ನೋಡದs ನುಂಗಿತಲ್ಲ! ನುಂಗಿದ್ದು ಎಲ್ಲಿ ಹೋತು? ಬಾಜೂಕ ಯಾವ ಜಾಗಾದ ಮ್ಯಾಲ ಬಿತ್ತು? ನೋಡೀಯೇನು?"

"ಬ್ಲಿಂಕ್ ಆಯ್ತು ಅಷ್ಟೇ ಸಾರ್."

"ಯಾಕ ಬ್ಲಿಂಕ್ ಆತು ಅಂತ ಕೇಳಾಕತ್ತೇನಿ!"

ಮಾಲೀಕರು ನನ್ನ ಕಡೆ ನೋಡಿದರು. ಆ ನೋಟದ ಅರ್ಥ ಯಾವ ನೌಕರಿಯವರಿಗೂ ತಿಳಿಯುತ್ತದೆ. ನಾನು ಮಾವನ ತೋಳು ಹಿಡಿದು, "ಮಾಮಾ, ಸಾಕು ನಡೀರಿ, ಊಟಕ್ಕ ಹೊತ್ತಾತು" ಎಂದು ಎಳೆದುಕೊಂಡು ಹೊರಗೆ ಬಂದೆ. ನಾಚಿಕೆಯಾಗಿತ್ತು ನನಗೆ. ಪೆಟ್ಟಿಗೆಯ ಬಗ್ಗೆ ಅಲ್ಲ, ಮಾವನ ಬಗ್ಗೆ!

ನಮ್ಮಲ್ಲಿ ಒಬ್ಬ ಹಮಾಲ ಅಜ್ಜನಿದ್ದಾನೆ. ಬೆನ್ನು ಬಾಗಿದ ಮೇಲೆ ಚೀಲ ಹೊರುವುದನ್ನು ಬಿಟ್ಟು, ಹರಿದ ಚೀಲಗಳಿಗೆ ದಬ್ಬಣ, ಸುತಳಿ ಹಿಡಿದು ಹೊಲಿಗೆ ಹಾಕುತ್ತಾನೆ. ಎಲ್ಲರೂ ಅವನನ್ನು ಮಲ್ಲಯ್ಯಜ್ಜ ಎನ್ನುತ್ತಿದ್ದೆವು. ಮಾಲೀಕರು "ಏ ಮಲ್ಯಾ" ಎನ್ನುತ್ತಿದ್ದರು. ಏಪ್ರಿಲ್ ತಿಂಗಳ ಒಂದು ದಿನ ಹನ್ನೊಂದು ಗಂಟೆಗೆ, ನಾನು ಕೋಣೆಯೊಳಗೆ ಒಂದು ಸುತ್ತು ಹಾಕಿ ಹೊರಗೆ ಬರುವುದಕ್ಕೂ ಅವನು ಹೋಗುವುದಕ್ಕೂ ಸರಿಹೋಯಿತು. ಪೆಟ್ಟಿಗೆಯಲ್ಲಿ ಅವನ ಹೆಸರು ಒತ್ತಲು ಕೈ ಎತ್ತಿದೆ.

"ಅಕ್ಕಾರ, ಒಂದು ಮಾತು" ಎಂದ ಅಜ್ಜ. "ಇವತ್ತೊಂದಿನ ನನ್ನ ಹೆಸರು ಪೂರಾ ಬರೀತೀರೇನ್ರೀ? ಚನ್ನಮಲ್ಲಿಕಾರ್ಜುನಯ್ಯ ಅಂತ. ನಮ್ಮವ್ವ ಇಟ್ಟ ಹೆಸರ್ರೀ. ಒಮ್ಮೆ ಆ ಪಡದೇದ ಮ್ಯಾಲ ನೋಡ್ತೇನಿ."

ಅದಕ್ಕೇನು ಕಷ್ಟ? ಬರೆದೆ. ಬೆಳಕಿನ ಅಕ್ಷರಗಳಲ್ಲಿ ಹೆಸರು ಮೂಡಿತು. ಅಜ್ಜ ಓದಲು ಬಾರದಿದ್ದರೂ ಬೆರಳಿಟ್ಟು ಒಂದೊಂದೇ ಅಕ್ಷರ ಎಣಿಸಿದ. ಎಂಟು ಅಕ್ಷರ. "ಭಾಳ ಚಲೋ ಕಾಣತೈತ್ರೀ" ಎಂದು ಒಳಗೆ ಹೋದ. ನಾನು ಆಫೀಸಿಗೆ ಹೋದೆ.

ಒಂದು ಗಂಟೆಗೆ ಊಟದ ಹೊತ್ತು. ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಅವರಲ್ಲಿ ಗಿರಿಜವ್ವ ಎನ್ನುವವಳು ಆಫೀಸಿನ ಕಿಟಕಿಗೆ ಬಂದು ಹೇಳಿದಳು, "ಅಕ್ಕಾರ, ಮಲ್ಲಯ್ಯಜ್ಜನ ಬುತ್ತಿ ಗೂಟದಾಗs ಐತಿ. ಅಂವ ಎಲ್ಲಿ ಹೋಗ್ಯಾನ್ರೀ?"

ಓಡಿದೆ. ಬಾಗಿಲಿಗೆ ಕೀಲಿ ಬಿದ್ದಿತ್ತು. ಪೆಟ್ಟಿಗೆಯ ಪರದೆಯಲ್ಲಿ, ಒಳಗಿರುವ ಮಂದಿ ಎಂಬಲ್ಲಿ, ಮುಂದೆ ಒಂದು ಕಳೆಯುವ ಗುರುತು, ಅದರ ಹಿಂದೆ ಉದ್ದಾನುದ್ದ ಅಂಕಿ. ಕೋಟಿ ಕೋಟಿ! ನಾನು ನನ್ನ ಹೆಸರು ಒತ್ತಿದೆ. ಪೆಟ್ಟಿಗೆ ಮಿಸುಕಲಿಲ್ಲ. ಬಾಗಿಲು ಬಡಿದೆ. ಗೇಣು ದಪ್ಪದ ಬಾಗಿಲು, ಆ ಕಡೆಗೆ ಏನು ಕೇಳಿಸೀತು?

ಮಾಲೀಕರು ಬಂದು ಕಂಪನಿಯವನಿಗೆ ಫೋನ್ ಹಚ್ಚಿದರು. ಅವನು ಏನು ಹೇಳಿದ ಎಂದು ನಾನು ಅಕ್ಷರ ಬಿಡದೆ ಹೇಳಬಲ್ಲೆ. "ಮೈನಸ್ ತೋರಿಸ್ತಿದೆ ಅಂದ್ರೆ ಝೀರೋಗಿಂತ ಕಮ್ಮಿ ಸಾರ್. ಅಂದ್ರೆ ಒಳಗೆ ಯಾರೂ ಇಲ್ಲ ಅಂತ. ನೀವು ಗಾಬರಿ ಆಗ್ಬೇಡಿ."

ಸೊನ್ನೆಗಿಂತ ಕಡಿಮೆ ಮಂದಿ! ಯಾರಾದರೂ ಕೇಳಿದ್ದೀರಾ? ಒಬ್ಬ ಇಲ್ಲದಿರಬಹುದು, ಇಬ್ಬರು ಇಲ್ಲದಿರಬಹುದು, ಕೋಟಿಗಟ್ಟಲೆ ಜನ ಒಂದು ಕೋಣೆಯಲ್ಲಿ ಇಲ್ಲದಿರುವುದು ಹೇಗೆ? ಮಾಲೀಕರು ತಲೆಯಾಡಿಸಿ, "ಹೊರಗ ಎಲ್ಲೆರ ಹೋಗಿರಬೇಕ ಬಿಡವಾ, ಮಷೀನ್ ಸುಳ್ಳು ಹೇಳತೈತೇನು?" ಎಂದರು. ಗೂಟದಲ್ಲಿ ಬುತ್ತಿ ತೂಗುತ್ತಿರುವಾಗ!

ನಾನು ಮಾವನಿಗೆ ಫೋನ್ ಮಾಡಿದೆ. ಯಾರು ಎಂದು ಅವರು ಕೇಳಲಿಲ್ಲ. ನಾನು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಕೇಳಿ, "ಅದು ಕರೆಂಟಿನ ಮ್ಯಾಲ ಹಿಡಕೊಂಡಿರೋ ಅಯಸ್ಕಾಂತದ ಕೀಲಿ. ಕರೆಂಟ್ ಹೋದ್ರ ಬಿಡತೈತಿ. ಮೇನ್ ಸ್ವಿಚ್ ತಗಿ. ಆಮ್ಯಾಲ ಪೆಟಗಿ ಕೆಳಗ ಬ್ಯಾಟರಿ ಇರತೈತಿ, ಅದರ ವೈರ್ ಕೀಳು. ಲಗೂ!" ಎಂದರು.

"ಮೇನ್ ತಗದ್ರ ನಾಲ್ಕೂ ಕೋಣಿ ಬೆಚ್ಚಗಾಗ್ತಾವು! ಮಾಲ್ ಕೆಟ್ರ ಯಾರ್ ಜವಾಬ್ದಾರಿ?" ಎಂದು ಮಾಲೀಕರು ಅಡ್ಡ ನಿಂತರು. ಫೋನಿನ ಒಳಗಿನಿಂದ ಮಾವ ಕೂಗಿದ್ದು ಅಂಗಳದ ಹೆಂಗಸರಿಗೂ ಕೇಳಿಸಿತು.

"ಮೆಣಸಿನಕಾಯಿ ಬಿಸಲಾಗs ಬೆಳದೈತಿ, ಒಂದ್ ತಾಸು ಬೆಚ್ಚಗಾದ್ರ ಸಾಯಂಗಿಲ್ಲ! ಮನಷ್ಯಾ ಸಾಯ್ತಾನ! ತಗೀ ಯವ್ವಾ!"

ತೆಗೆದೆ. ಮಾಲೀಕರ ತೋಳಿನ ಕೆಳಗೆ ನುಗ್ಗಿ ಮೇನ್ ಸ್ವಿಚ್ ಕೆಳಗೆಳೆದೆ. ಬ್ಯಾಟರಿಯ ವೈರನ್ನು ಸೆರಗಿನಲ್ಲಿ ಸುತ್ತಿ ಕಿತ್ತೆ. ಬಾಗಿಲು ಠಕ್ಕೆಂದು ಸಡಿಲಾಯಿತು. ಗಿರಿಜವ್ವ ಮತ್ತು ನಾನು ಸೇರಿ ಎಳೆದೆವು.

ಅಜ್ಜ ಬಾಗಿಲ ಹಿಂದೆಯೇ ಕತ್ತಲಲ್ಲಿ ಕೂತಿದ್ದ. ಖಾಲಿ ಗೋಣಿಚೀಲಗಳನ್ನು ಮೈಗೆ ಸುತ್ತಿಕೊಂಡು, ಜಾರದ ಹಾಗೆ ತನ್ನ ದಬ್ಬಣದಿಂದ ತನ್ನ ಸುತ್ತ ತಾನೇ ಹೊಲಿದುಕೊಂಡಿದ್ದ. ಕುತ್ತಿಗೆಯ ತನಕ ಹೊಲಿಗೆ ಬಂದಿತ್ತು. ಅಲ್ಲಿಗೆ ಬೆರಳು ಸೋತು ದಬ್ಬಣ ತೂಗುತ್ತಿತ್ತು. ತುಟಿ ನೀಲಿಯಾಗಿತ್ತು. ನನ್ನನ್ನು ನೋಡಿ ಅವನು ಹೇಳಿದ, "ಅಕ್ಕಾರ, ಗುಂಡಿ ಭಾಳ ಸಲ ಒತ್ತಿದ್ನಿರೀ. ಕೆಟ್ಟಿದ್ರ ಸಿಟ್ಟಾಗಬ್ಯಾಡ್ರಿ."

ಅಜ್ಜನನ್ನು ಗಾಡಿಯಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿದೆವು, ಗಿರಿಜವ್ವ ಜೊತೆಗೆ ಹೋದಳು. ಜೀವಕ್ಕೆ ಭಯವಿಲ್ಲ ಎಂದು ಅವಳ ಫೋನ್ ಬರುವ ಹೊತ್ತಿಗೆ ಮಾವ ತಮ್ಮ ಹಳೆಯ ಮೋಟರ್‌ಸೈಕಲ್ಲಿನಲ್ಲಿ ರಾಣೇಬೆನ್ನೂರಿನಿಂದ ಬಂದು ಇಳಿದರು. ಮಾಲೀಕರು ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದರು. ಕಂಪನಿಯವನು ಫೋನಿನಲ್ಲಿ ಹೇಳಿಕೊಟ್ಟ ತೀರ್ಮಾನ.

"ಹೆಸರು ಉದ್ದ ಆಗಿ ಹಿಂಗಾತಂತ್ರೀ. ಹೆಸರಿಗೆ ಐವತ್ತs ಜಾಗಾ ಐತಂತ. ಅಷ್ಟುದ್ದ ಹೆಸರು ಹಾಕಸಬಾರದಿತ್ತು ಆ ಮಲ್ಯಾ."

ನಮ್ಮ ಮಾವನ ಕಿವಿ ಕೆಂಪಾಗುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಅವತ್ತು ಕೆಂಪಾಗಲಿಲ್ಲ, ಬಿಳಿಚಿತು. ಜೇಬಿನಿಂದ ಚಾಕ್‌ಪೀಸು ತೆಗೆದು, ಬಾಗಿಲ ಮುಂದಿನ ಸಿಮೆಂಟಿನ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಒಂದರ ಪಕ್ಕ ಒಂದು ಮನೆ ಬರೆಯತೊಡಗಿದರು. ಪಗಡೆ ಆಡಲು ಬರೆಯುತ್ತೇವಲ್ಲ, ಅಂಥ ಮನೆ. ಐವತ್ತು ಬರೆದರು. ತೊಟ್ಟು ಬಿಡಿಸುವ ಹೆಂಗಸರು ಸುತ್ತ ನೆರೆದರು.

"ನೋಡ್ರವಾ. ಈ ಪೆಟಗಿಯೊಳಗ ಹೆಸರಿಗೆ ಅಂತ ಇಷ್ಟs ಮನಿ ಇಟ್ಟಾರ. ಅಜ್ಜನ ಹೆಸರು ನಿಮ್ಮ ಕಣ್ಣಿಗೆ ಎಂಟಕ್ಷರ. ಆದ್ರ ಕನ್ನಡ ಅಕ್ಷರದ ಒಂದೊಂದು ತುಂಡಿಗೂ, ಇಳಿಗೂ, ಒತ್ತಿಗೂ, ಯಂತ್ರ ಮೂರು ಮೂರು ಮನಿ ಹಿಡೀತೈತಿ. ಎಣಸ್ರಿ. ಐವತ್ತೇಳು ಬೇಕಾತು. ಇರೂದು ಐವತ್ತು. ಉಳದ ಏಳು ಎಲ್ಲಿಗೆ ಹೋಗಬೇಕು?"

ಮಾವ ಐವತ್ತನೆಯ ಮನೆಯ ಪಕ್ಕದಲ್ಲಿ ಇನ್ನೂ ಕೆಲವು ಮನೆ ಬರೆದರು.

"ಇಲ್ಲಿಗೆ ಹೋತು. ಒಳಗ ಎಷ್ಟು ಮಂದಿ ಅದಾರ ಅನ್ನೋ ಅಂಕಿ ಇದ್ದದ್ದು ಇಲ್ಲೆ, ಬಾಜೂಕ. ಅಜ್ಜನ ಹೆಸರಿನ ಬಾಲ ಬಂದು ಅಜ್ಜ ಅದಾನ ಅನ್ನೋ ಅಂಕೀನ್ನs ಅಳಸಿಬಿಡ್ತು. ಅವನ ಹೆಸರs ಅವನ್ನ ಇಲ್ಲ ಅನಸ್ತು! ಹೆಸರು ಉದ್ದ ಆಗಿಲ್ಲರೀ ಸಾಹುಕಾರ್ರ. ಹೆಸರು ಅವರವ್ವ ಇಟ್ಟಷ್ಟs ಐತಿ. ನಿಮ್ಮ ಡಬ್ಬಿ ಸಣ್ಣದು! ಸಣ್ಣದು ಇದ್ರೂ ಅಡ್ಡಿ ಇದ್ದಿಲ್ಲ. ತುಂಬೂಕಿಂತ ಮೊದಲ ಒಮ್ಮೆ ಅಳೀಬೇಕಿತ್ತು. ಒಂದು ಸಾಲು ಬರದಿದ್ರ ಸಾಕಿತ್ತು. ಒಂದs ಒಂದು ಸಾಲು! ಅದನ್ನ ಬರೀಲಾರದವ್ರು ಮನಷ್ಯಾನ್ನ ಚಳಿಯಾಗ ಕೂಡಿ ಹಾಕಿ, ನಿನ್ನ ಹೆಸರು ತಪ್ಪು ಅಂತೀರಿ!"

ಮಾಲೀಕರು ಇವರನ್ನು ಹೊರಗೆ ಹಾಕಿರಿ ಎಂದರು. ಹಾಕುವವರು ಯಾರು? ಹಮಾಲರು ಒಬ್ಬರ ಹಿಂದೆ ಒಬ್ಬರು ಬಂದು ಮಾವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಹೆಂಗಸರು ಕೂತರು. ನಾನೂ ಕೂತೆ. ಹಳೆಯ ಅಡ್ಡಪಟ್ಟಿ ತಿರುಗಿ ಬೀಳುವ ತನಕ ಒಬ್ಬರೂ ಒಳಗೆ ಹೋಗುವುದಿಲ್ಲ ಎಂದಾಯಿತು. ಸಂಜೆ ಐದರ ಒಳಗೆ ವೆಲ್ಡಿಂಗಿನವನು ಬಂದ!

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಕಂಪನಿಯವನು ಅದೇ ಇಸ್ತ್ರಿ ಅಂಗಿಯಲ್ಲಿ ಬಂದು, "ಸರಿ ಮಾಡಿದ್ದೀನಿ ಸಾರ್, ಈಗ ಎಷ್ಟೇ ಉದ್ದ ಹೊಡೆದ್ರೂ ಏನೂ ಆಗಲ್ಲ" ಎಂದ. ಮಾವನನ್ನು ನಾನೇ ಕರೆಸಿದ್ದೆ. ಅವರು ಅಜ್ಜನ ಹೆಸರು ಒತ್ತಿದರು. ಪರದೆಯ ಮೇಲೆ ಮೂಡಿದ್ದು "ಚನ್ನಮಲ್ಲಿಕಾರ್ಜುನ". ಅಷ್ಟೇ. ಉಳಿದದ್ದನ್ನು ಕತ್ತರಿಸಿ ಎಸೆದಿತ್ತು.

"ಅಳೀ ಅಂದ್ರ ಕಡದು ಹಾಕ್ಯಾನ!" ಎಂದು ಮಾವ ಕೂಗಿದ ಕೂಗಿಗೆ ಛಾವಣಿಯ ಮೇಲಿನ ಪಾರಿವಾಳ ಹಾರಿದವು. "ಮುಕ್ಕಾಲು ಮನಷ್ಯಾ ಒಳಗ ಹೋಗ್ಯಾನೇನು? ಮನಿ ಹೆಚ್ಚು ಮಾಡು. ಅದಕ್ಕೂ ಹೆಚ್ಚಿಂದು ಬಂದ್ರ, ಹಿಡಸೂದಿಲ್ಲ ಅಂತ ಬಾಯಿಬಿಟ್ಟು ಹೇಳು. ಸುಮ್ಮ ನುಂಗಬ್ಯಾಡ, ಸುಮ್ಮ ಕಡೀಬ್ಯಾಡ!"

ಅವನು ಮತ್ತೆರಡು ಸಲ ಬಂದು ಹೋಗಬೇಕಾಯಿತು. ಪ್ರತಿ ಸಲವೂ ಮಾವ ಬಂದು ಪೆಟ್ಟಿಗೆಯ ಮುಂದೆ ನಿಂತು "ಅಅಅಅ" ಒತ್ತಿದರು. ಯಾರೂ ನಗಲಿಲ್ಲ. ಗಿರಿಜವ್ವನಂತೂ ಪಕ್ಕದಲ್ಲಿ ನಿಂತು, "ಇನ್ನೊಂದೀಟು ಒತ್ರಿ ಮಾಸ್ತರ್ರ" ಎನ್ನುತ್ತಿದ್ದಳು. ಅಜ್ಜ ಮೂರು ದಿನ ಆಸ್ಪತ್ರೆಯಲ್ಲಿದ್ದ. ಎಡಗೈಯ ಎರಡು ಬೆರಳ ತುದಿಗೆ ಇನ್ನೂ ಸರಿಯಾಗಿ ಸ್ಪರ್ಶ ತಿಳಿಯುವುದಿಲ್ಲ. ಅವನು ಈಗ ತಂಪಿನ ಕೋಣೆಯ ಹತ್ತಿರ ಸುಳಿಯುವುದಿಲ್ಲ. ಅಂಗಳದ ಬಿಸಿಲಿನಲ್ಲೇ ಕೂತು ಚೀಲ ಹೊಲಿಯುತ್ತಾನೆ. ನೆರಳಿಗೆ ಬಾ ಎಂದರೂ ಬರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದು. ಆದರೆ ಅಡ್ಡಪಟ್ಟಿ ಬೆಸೆದ ಆ ಸಂಜೆಯದೇ ಒಂದು ಮಾತು ಉಳಿದಿದೆ. ಅದನ್ನು ನಾನು ಅತ್ತೆಗೂ ಹೇಳಿಲ್ಲ.

ವೆಲ್ಡಿಂಗಿನವನು ಹೋದ ಮೇಲೆ ಮಾವ ಪೆಟ್ಟಿಗೆಗೆ ಮತ್ತೆ ಕರೆಂಟು ಕೊಟ್ಟು, ಆ ದಿನ ಒಳಗೆ ಹೋದವರ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ನೋಡುತ್ತ ಬಹಳ ಹೊತ್ತು ನಿಂತಿದ್ದರು. ನಾನು ಹಿಂದೆ ನಿಂತು ಬೈಗುಳಕ್ಕೆ ಕಾಯುತ್ತಿದ್ದೆ. ಪೂಜೆಯ ದಿನ ಅವರ ತೋಳು ಹಿಡಿದು ಎಳೆದವಳು ನಾನೇ ತಾನೇ? ಆ ಹೆಸರನ್ನು ಒತ್ತಿದ ಬೆರಳೂ ನನ್ನದೇ. ಊರಿಗೆಲ್ಲ ಬೈಯುವವರು ನನಗೆ ಬೈದಿರಲಿಲ್ಲ. ಕೊನೆಗೆ ನಾನೇ ಹೇಳಿದೆ, "ಮಾಮಾ, ಅವತ್ತು ನಾ ನಿಮ್ಮನ್ನ ಎಳಕೊಂಡು ಹೋಗಬಾರದಿತ್ತು."

"ನೀ ಎಳದಿ. ನಾ ಯಾಕ ಬಂದ್ನಿ?" ಎಂದರು. ದನಿ ಸಣ್ಣದಾಗಿತ್ತು. ಆಮೇಲೆ ಪರದೆಯ ಕಡೆ ಬೆರಳು ತೋರಿಸಿದರು. ಅಜ್ಜನ ಹೆಸರಿನ ಮೇಲಿನ ಸಾಲಿನಲ್ಲಿ ನನ್ನ ಹೆಸರು ಇತ್ತು. "ನೀ ಹೊರಗ ಬಂದು ಎಷ್ಟು ಹೊತ್ತಿಗೆ ಅಂವ ಒಳಗ ಹೋದ?"

"ನಾ ಬಂದ್ನಿ, ಅಂವ ಹೋದ."

"ನೀ ಇನ್ನೂ ಒಳಗs ಇದ್ದು, ಹೊರಗ ಮತ್ಯಾರರ ಆ ಹೆಸರು ಒತ್ತಿದ್ರ?"

ಇಬ್ಬರೂ ಗೇಟಿನ ಹೊರಗೆ ಬಂದೆವು. ಸೂರ್ಯ ಇಳಿದಿದ್ದರೂ ಏಪ್ರಿಲ್ಲಿನ ರಸ್ತೆ ಇನ್ನೂ ಉಸಿರು ಬಿಡುತ್ತಿತ್ತು. ನನ್ನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಮಾವ ಮೋಟರ್‌ಸೈಕಲ್ಲಿನ ಕೀಲಿ ಹಾಕಲು ಹೋದರು, ಹಾಕಲಿಲ್ಲ. ಕೀಲಿಯನ್ನು ಸೀಟಿನ ಮೇಲೆ ಇಟ್ಟು, ನನ್ನ ಎರಡೂ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು, ಸಣ್ಣ ಮಕ್ಕಳಿಗೆ ಉಜ್ಜುವ ಹಾಗೆ ಉಜ್ಜತೊಡಗಿದರು. ಅವರ ಅಂಗೈಗಳ ಚಾಕಿನ ಬಿಳಿ ನನ್ನ ಕೈಗೆಲ್ಲ ಆಯಿತು.

"ಚಳಿ ಆಗಾಕತ್ತೈತೇನವ್ವಾ?" ಎಂದು ಕೇಳಿದರು.

"ಹೂಂ ಮಾಮಾ" ಎಂದೆ.